ಪೆಟ್ರೋಲ್ ಬಂಕಿನಲ್ಲಿ ವಾಹನ ಕಳವು: ತಡೆಯುವ ಬಗೆ, ಕಳೆದಾಗ ಮಾಡಬೇಕಾದ್ದು

ಪೆಟ್ರೋಲ್ ಬಂಕಿನಲ್ಲಿ ವಾಹನ ಕದಿಯುವವನಿಗೆ ಬೀಗ ಒಡೆಯುವ ಕೆಲಸ ಇರುವುದಿಲ್ಲ. ಮನೆ ಮುಂದೆ ರಾತ್ರಿ ನಿಲ್ಲಿಸಿದ ಬೈಕನ್ನು ಒಯ್ಯಬೇಕಾದರೆ ಹ್ಯಾಂಡಲ್ ಲಾಕ್ ಮುರಿಯಬೇಕು, ವೈರು ಕಿತ್ತು ಜೋಡಿಸಬೇಕು, ಬೀದಿನಾಯಿ ಬೊಗಳುವುದರೊಳಗೆ ಎಲ್ಲ ಮುಗಿಸಬೇಕು. ಬಂಕಿನಲ್ಲಿ ಕೀ ಗಾಡಿಯಲ್ಲೇ ಇರುತ್ತದೆ, ಮಾಲೀಕರು ನಾಲ್ಕು ಹೆಜ್ಜೆ ಆಚೆ ಇರುತ್ತಾರೆ, ಟ್ಯಾಂಕು ಆಗಷ್ಟೇ ತುಂಬಿರುತ್ತದೆ. ಹತ್ತಾರು ಗಾಡಿಗಳು ಬಂದು ಹೋಗುವ ಜಾಗದಲ್ಲಿ ಇನ್ನೊಂದು ಗಾಡಿ ಹೊರಟರೆ ಯಾರೂ ತಿರುಗಿ ನೋಡುವುದಿಲ್ಲ; ಹೊರಟವನು ಮಾಲೀಕನೋ ಕಳ್ಳನೋ ಎಂದು ಕೇಳುವವರೂ ಇಲ್ಲ. ಹೀಗಾಗಿ ಇಲ್ಲಿ ದುಬಾರಿ ಅಲಾರಂಗಿಂತ ದೊಡ್ಡ ರಕ್ಷಣೆ ಎಂದರೆ ಇಳಿಯುವವರ ಜೇಬಿನಲ್ಲಿರುವ ಕೀ. ಕಳವಾದ ಮೇಲೆ ವಿಮಾ ಕಂಪನಿಯವರು ಮೊದಲು ಕೇಳುವುದೂ ಕೀ ಎಲ್ಲಿತ್ತು ಎಂದೇ.

ಭಾರತದ ಬಂಕುಗಳಲ್ಲಿ ಇಂಧನ ತುಂಬುವುದು ಸಿಬ್ಬಂದಿಯ ಕೆಲಸವಾದ್ದರಿಂದ ಕಾರಿನವರು ಸೀಟು ಬಿಟ್ಟು ಏಳಬೇಕಾದ್ದೇ ಇಲ್ಲ. ಆದರೂ ಏಳುತ್ತಾರೆ, ಏಳಲು ಕಾರಣಗಳೂ ಇವೆ. ಮೀಟರ್ ಸೊನ್ನೆಯಿಂದ ಶುರುವಾಯಿತೇ ಎಂದು ನೋಡಬೇಕು. ಅಳತೆಯಲ್ಲಿ ಮೋಸದ ಸುದ್ದಿ ಕೇಳಿದವರು ಇದನ್ನು ಬಿಡುವುದಿಲ್ಲ, ಬಿಡಲೂಬಾರದು. ಹಣ ಕೊಡಲು ಕ್ಯೂಆರ್ ಕೋಡ್ ಪಂಪಿನ ಮೈಗೆ ಅಂಟಿರುತ್ತದೆ, ಇಲ್ಲವೇ ಕಾರ್ಡ್ ಉಜ್ಜುವ ಯಂತ್ರ ಆಫೀಸಿನೊಳಗೆ ಚಾರ್ಜಿಗೆ ಹಾಕಿರುತ್ತದೆ. ಆಮೇಲೆ ಗಾಳಿ ಹಿಡಿಸಬೇಕು, ಶೌಚಾಲಯಕ್ಕೆ ಹೋಗಬೇಕು, ಎಮಿಷನ್ ಟೆಸ್ಟ್ ಮಾಡಿಸಬೇಕು. ಪಂಪಿನ ಎದುರು ಸಾಲಿನಲ್ಲಿ ನಿಂತವರ ಕಣ್ಣಾದರೂ ಗಾಡಿಯ ಮೇಲಿರುತ್ತದೆ. ಗಾಳಿಯಂತ್ರ ಇರುವುದು ಬಂಕಿನ ಮೂಲೆಯಲ್ಲಿ, ಬಹಳ ಕಡೆ ರಸ್ತೆಗೆ ಬಾಯಿ ತೆರೆದ ಮೂಲೆಯಲ್ಲಿ. ಎಮಿಷನ್ ಟೆಸ್ಟಿನಲ್ಲಂತೂ ಎಂಜಿನ್ ಓಡುತ್ತಲೇ ಇರಬೇಕು. ಆ ಹೊತ್ತಿಗೆ ಮಾಲೀಕರು ಕಿಟಕಿಯ ಬಳಿ ನಿಂತು ಗಾಡಿ ನಂಬರ್, ಫೋನ್ ನಂಬರ್ ಹೇಳುತ್ತಿರುತ್ತಾರೆ. ಎಚ್ಚರ ಪಂಪಿನ ಬಳಿಗಿಂತ ಈ ಮೂಲೆಗಳಲ್ಲಿ ಹೆಚ್ಚು ಬೇಕು.

ದ್ವಿಚಕ್ರ ವಾಹನ

ಬೈಕಿನ ಕೀ ಬಂಕಿನಲ್ಲಿ ಎರಡು ಸಲ ಜಾಗ ಬದಲಿಸುತ್ತದೆ. ಹೆಚ್ಚಿನ ಬೈಕುಗಳಲ್ಲಿ ಇಗ್ನಿಷನ್‌ಗೂ ಟ್ಯಾಂಕಿನ ಮುಚ್ಚಳಕ್ಕೂ ಒಂದೇ ಕೀ. ಸವಾರರು ಎಂಜಿನ್ ಆರಿಸಿ, ಅದೇ ಕೀ ತೆಗೆದು ಮುಚ್ಚಳಕ್ಕೆ ಹಾಕಿ ತಿರುಗಿಸುತ್ತಾರೆ. ತುಂಬುವಷ್ಟು ಹೊತ್ತೂ ಅದು ಮುಚ್ಚಳದಲ್ಲೇ ನೇತಾಡುತ್ತಿರುತ್ತದೆ. ಮುಚ್ಚಳ ಒತ್ತಿ ಮುಚ್ಚಿದ ಕೂಡಲೇ ಮತ್ತೆ ಇಗ್ನಿಷನ್‌ಗೆ ಹೋಗುತ್ತದೆ. ಬಂಕಿನ ಹುಡುಗ ‘ಸ್ವಲ್ಪ ಮುಂದಕ್ಕೆ ತಗೊಳ್ಳಿ ಸಾರ್’ ಎನ್ನುತ್ತಾನೆ. ಬೈಕು ನಾಲ್ಕಡಿ ಮುಂದೆ ಹೋಗಿ ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ, ಸವಾರರು ಚಿಲ್ಲರೆಗೋ ಫೋನಿನಲ್ಲಿ ಪಿನ್ ಒತ್ತಲೋ ಹಿಂದಕ್ಕೆ ನಡೆಯುತ್ತಾರೆ. ಕಳ್ಳನಿಗೆ ಬೇಕಾದ್ದು ಈ ನಾಲ್ಕಡಿ. ಬೈಕು ಮುಂದಕ್ಕೆ ಹೋಗುವ ಮೊದಲೇ ಹಣ ಕೊಟ್ಟು ಮುಗಿಸಿದರೆ ಈ ಗಂಡಾಂತರವೇ ಇಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಮುಂದಕ್ಕೆ ಹೋಗಲೇಬೇಕಾದರೆ ತಳ್ಳಿಕೊಂಡು ಹೋಗಬಹುದು, ಕೀ ಅಂಗೈಯಲ್ಲಿರಬೇಕು.

ಸ್ಕೂಟರಿನ ಕಥೆ ಸ್ವಲ್ಪ ಬೇರೆ. ಹಳೆಯ ಮಾದರಿಗಳಲ್ಲಿ ಟ್ಯಾಂಕಿನ ಮುಚ್ಚಳ ಸೀಟಿನ ಅಡಿಯಲ್ಲಿರುತ್ತದೆ, ಸೀಟು ಎತ್ತಿದರೆ ಡಿಕ್ಕಿಯಲ್ಲಿರುವ ಪರ್ಸು, ಟಿಫಿನ್ ಡಬ್ಬಿ, ಆರ್‌ಸಿ ಎಲ್ಲವೂ ಸಾಲಿನಲ್ಲಿ ನಿಂತವರಿಗೆ ಕಾಣುತ್ತವೆ. ಇತ್ತೀಚಿನ ಹಲವು ಮಾದರಿಗಳಲ್ಲಿ ಮುಚ್ಚಳ ಹೊರಗೇ ಇದ್ದು, ಇಗ್ನಿಷನ್ ಪಕ್ಕದ ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ. ಸೀಟು ಎತ್ತುವ ತಾಪತ್ರಯ ತಪ್ಪಿತು, ಆದರೆ ಕೀ ಇದ್ದಲ್ಲಿಂದ ಕದಲುವ ಪ್ರಮೇಯವೂ ತಪ್ಪಿತು. ಮುಚ್ಚಳ ತೆರೆದ ಕೂಡಲೇ ಕೀ ತೆಗೆದು ಕೈಗೆ ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಗಾಳಿ ಹಿಡಿಸುವಾಗ, ಶೌಚಾಲಯಕ್ಕೆ ಹೋಗುವಾಗ ಹ್ಯಾಂಡಲ್ ಲಾಕ್ ಹಾಕಲು ಹಿಡಿಯುವುದು ಎರಡು ಸೆಕೆಂಡು. ಹ್ಯಾಂಡಲ್‌ಗೆ ಸಿಕ್ಕಿಸಿದ ಹೆಲ್ಮೆಟ್, ಕನ್ನಡಿಗೆ ನೇತುಹಾಕಿದ ಬ್ಯಾಗು ಕೂಡ ಕಳವಿನ ಪಟ್ಟಿಗೆ ಸೇರುವಂಥವೇ.

ಕಾರು

ಕಾರಿನಲ್ಲಿ ಬಾಗಿಲುಗಳೇ ಮೊದಲ ಸಮಸ್ಯೆ. ಚಾಲಕರು ಮೀಟರ್ ನೋಡಲು ಇಳಿದಾಗ ಸಾಮಾನ್ಯವಾಗಿ ಉಳಿದ ಬಾಗಿಲುಗಳ ಲಾಕೂ ತೆರೆದಿರುತ್ತದೆ. ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳ ತೆರೆಯಲು ಸೀಟಿನ ಪಕ್ಕ ಲಿವರ್ ಇರುತ್ತದೆ. ಇನ್ನು ಕೆಲವದರಲ್ಲಿ ಮುಚ್ಚಳ ಸೆಂಟ್ರಲ್ ಲಾಕಿಗೇ ಹೊಂದಿಕೊಂಡಿದ್ದು, ಬಾಗಿಲುಗಳು ಅನ್‌ಲಾಕ್ ಆಗಿದ್ದರೆ ಮಾತ್ರ ತೆರೆಯುತ್ತದೆ. ಈ ಎರಡನೆಯ ಬಗೆಯ ಕಾರಿನವರು ಪಂಪಿನ ಮುಂದೆ ನಿಂತಷ್ಟು ಹೊತ್ತೂ ಎಡಬದಿಯ ಬಾಗಿಲು ಯಾರು ಬೇಕಾದರೂ ತೆರೆಯುವಂತಿರುತ್ತದೆ. ಮುಂದಿನ ಸೀಟಿನ ಮೇಲಿನ ಬ್ಯಾಗು ಮಾಯವಾಗುವುದು ಹೀಗೆ. ಪಂಪಿಗೆ ಹೋಗುವ ಮೊದಲೇ ಲ್ಯಾಪ್‌ಟಾಪ್, ಕೈಚೀಲಗಳನ್ನು ಹಿಂದಿನ ಡಿಕ್ಕಿಗೆ ಸೇರಿಸಬೇಕು. ಬಂಕಿನೊಳಗೆ ಬಂದಮೇಲೆ ಡಿಕ್ಕಿ ತೆರೆದು ಇಡುವುದು ಎಲ್ಲಿಟ್ಟೆವು ಎಂದು ತೋರಿಸಿಕೊಟ್ಟಂತೆ.

ಎರಡನೆಯದು ಎಂಜಿನ್. ಬಂಕಿನಲ್ಲಿ ಎಂಜಿನ್ ಆರಿಸುವುದು ಬೆಂಕಿಯ ಭಯಕ್ಕೆ ಮಾಡಿದ ನಿಯಮ, ಆದರೆ ಕಳವು ತಡೆಯುವುದಕ್ಕೂ ಅದೇ ಒದಗುತ್ತದೆ. ಇತ್ತೀಚಿನ ಕಾರುಗಳಲ್ಲಿ ಇಲ್ಲೊಂದು ತೊಡಕಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನೇ ಆರಿ, ಮತ್ತೆ ತಾನೇ ಹೊತ್ತಿಕೊಳ್ಳುವ ವ್ಯವಸ್ಥೆ ಇರುವ ಕಾರಿನಲ್ಲಿ ಪಂಪಿನ ಮುಂದೆ ಸದ್ದು ನಿಂತರೆ ಕಾರು ಆಫ್ ಆಗಿದೆ ಎಂದು ಭಾಸವಾಗುತ್ತದೆ. ಆಫ್ ಆಗಿರುವುದು ಎಂಜಿನ್ ಮಾತ್ರ, ಇಗ್ನಿಷನ್ ಆನ್ ಇದೆ. ಹೈಬ್ರಿಡ್ ಕಾರುಗಳಲ್ಲೂ ಹೀಗೇ. ಡ್ಯಾಶ್‌ಬೋರ್ಡಿನ ದೀಪಗಳು ಆರಿದ್ದನ್ನು ನೋಡಿಯೇ ಇಳಿಯಬೇಕು.

ಕೀ ತಿರುಗಿಸುವ ಬದಲು ಬಟನ್ ಒತ್ತುವ ಕಾರುಗಳ ಬಗ್ಗೆ ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಇದೆ. ಕೀ ಜೇಬಿನಲ್ಲಿದ್ದರೆ ಕಾರು ಯಾರೂ ಒಯ್ಯಲಾರರು ಎಂಬ ನಂಬಿಕೆ ಅದು. ಆರಿಸಿದ ಕಾರಿನ ಮಟ್ಟಿಗೆ ಅದು ಸರಿ, ಕೀ ಒಳಗಿಲ್ಲದೆ ಎಂಜಿನ್ ಶುರುವಾಗದು. ಆದರೆ ಎಂಜಿನ್ ಓಡುತ್ತಿರುವಾಗ ಕೀ ದೂರ ಹೋದರೆ ಸಾಮಾನ್ಯವಾಗಿ ಕಾರು ಕೂಗಿ ಎಚ್ಚರಿಸುತ್ತದೆ, ಪರದೆಯ ಮೇಲೆ ಸಂದೇಶ ತೋರಿಸುತ್ತದೆ, ನಿಲ್ಲುವುದಿಲ್ಲ. ಓಡುವ ಕಾರು ನಡುರಸ್ತೆಯಲ್ಲಿ ತಟ್ಟನೆ ಆರಿಹೋದರೆ ಅಪಘಾತವಾದೀತು ಎಂಬುದಕ್ಕಾಗಿ ಹಾಗೆ ಮಾಡಿರುವುದು. ಅಂದರೆ ಎಸಿ ಆನ್ ಇರಲಿ ಎಂದು ಎಂಜಿನ್ ಬಿಟ್ಟು ಇಳಿದವರ ಕಾರನ್ನು ಕೀ ಇಲ್ಲದೆಯೂ ಇಂಧನ ಮುಗಿಯುವವರೆಗೆ ಓಡಿಸಬಹುದು. ಕೀಯಲ್ಲಿ ಚಿಪ್ ಇರುವ ಇಮ್ಮೊಬಿಲೈಸರ್ ಕಥೆಯೂ ಅಷ್ಟೇ. ನಕಲಿ ಕೀ ಹಾಕಿದವನನ್ನು ಅದು ತಡೆಯುತ್ತದೆ, ಅಸಲಿ ಕೀ ಕಾರಿನಲ್ಲೇ ಬಿಟ್ಟರೆ ಅದಕ್ಕೆ ಮಾಡಲು ಕೆಲಸವಿಲ್ಲ.

ಎಂಜಿನ್ ಆರಿಸದೆ ಇಳಿಯಬಾರದು ಎಂದು ಕಾನೂನೂ ಹೇಳುತ್ತದೆ. ಮೋಟಾರು ವಾಹನ ಕಾಯ್ದೆ 1988ರ 126ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ವಾಹನ ನಿಂತಿರುವಾಗ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವ ವ್ಯಕ್ತಿ ಇರಬೇಕು, ಇಲ್ಲವೇ ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು. ಪಕ್ಕದ ಸೀಟಿನಲ್ಲಿ ಅಜ್ಜಿಯೋ ಮಗುವೋ ಇದ್ದಾರೆ ಎಂಬುದು ಇದಕ್ಕೆ ಬದಲಿಯಲ್ಲ.

ಮಕ್ಕಳ ವಿಷಯ ಬಿಡಿಸಿ ಹೇಳಬೇಕಾದ್ದು. ಮಲಗಿದ ಮಗುವನ್ನು ಎಬ್ಬಿಸಲು ಮನಸ್ಸಾಗದೆ ಎಂಜಿನ್ ಆನ್ ಇಟ್ಟು ಇಳಿಯುವುದು ಎಲ್ಲ ತಪ್ಪುಗಳಲ್ಲಿ ಕೆಟ್ಟದ್ದು. ಕಾರು ಹೋದರೆ ಮಗುವೂ ಹೋಗುತ್ತದೆ. ಕಾರು ಆರಿಸಿ ಲಾಕ್ ಮಾಡಿ ಮಗುವನ್ನು ಒಳಗೆ ಬಿಡುವುದೂ ಪರಿಹಾರವಲ್ಲ, ಬಿಸಿಲಿಗೆ ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಕಾದುಬಿಡುತ್ತದೆ. ಜೊತೆಗೆ ದೊಡ್ಡವರು ಇಲ್ಲದಿದ್ದರೆ ಚಾಲಕರು ಇಳಿಯದೆ, ಕಿಟಕಿ ಇಳಿಸಿ ಅಲ್ಲಿಂದಲೇ ಹಣ ಕೊಡಬೇಕು. ಮೀಟರನ್ನು ಕನ್ನಡಿಯಲ್ಲಿ ನೋಡಬಹುದು, ತುಂಬುವವನನ್ನೇ ಸೊನ್ನೆ ತೋರಿಸು ಎನ್ನಬಹುದು. ಇಳಿಯಲೇಬೇಕಾದರೆ ಮಗುವೂ ಇಳಿಯಬೇಕು.

ಸಿಎನ್‌ಜಿ ಹಾಕಿಸುವವರ ಪಾಡು ಬೇರೆ. ಅಲ್ಲಿ ಸುರಕ್ಷತೆಗಾಗಿ ಎಲ್ಲರೂ ಇಳಿದು ದೂರ ನಿಲ್ಲಬೇಕು, ಬಾನೆಟ್ಟೋ ಡಿಕ್ಕಿಯೋ ತೆರೆಯಬೇಕು. ಇಡೀ ಸಂಸಾರ ಕಾರಿನ ಆಚೆ, ಸಾಮಾನೆಲ್ಲ ಕಾರಿನ ಒಳಗೆ, ಬಾಗಿಲುಗಳು ಅರೆತೆರೆದು ನಿಂತಿರುವ ದೃಶ್ಯ ಸಿಎನ್‌ಜಿ ಸ್ಟೇಷನ್‌ಗಳಲ್ಲಿ ಮಾಮೂಲು. ಇಳಿಯುವಾಗ ಕೀ, ಫೋನು, ಪರ್ಸು, ಕೈಚೀಲ ಜೊತೆಗೇ ಬರಬೇಕು. ಒಬ್ಬರು ಗ್ಯಾಸ್ ಮೀಟರ್ ನೋಡಿದರೆ ಇನ್ನೊಬ್ಬರು ಕಾರಿನ ಆ ಬದಿ ಕಾಣುವಂತೆ ನಿಲ್ಲಬೇಕು. ಸರದಿಯಲ್ಲಿ ಅರ್ಧ ಗಂಟೆ ಕಾಯುವ ಆಟೋ ಚಾಲಕರು ಚಹಾಕ್ಕೆ ಹೋಗುವಾಗಲೂ ಇದೇ ಮಾತು.

ಗಮನ ಬೇರೆಡೆ ಸೆಳೆಯುವವರು

ಪೊಲೀಸರ ಭಾಷೆಯಲ್ಲಿ ‘ಗಮನ ಬೇರೆಡೆ ಸೆಳೆದು ಕಳವು’ ಎಂಬ ಬಗೆಯೇ ಇದೆ. ಹತ್ತು ರೂಪಾಯಿಯ ನೋಟುಗಳನ್ನು ಚೆಲ್ಲಿ ‘ನಿಮ್ಮ ದುಡ್ಡು ಬಿದ್ದಿದೆ’ ಎನ್ನುವುದು, ಬಾನೆಟ್ ಕೆಳಗೆ ಎಣ್ಣೆ ಸುರಿದು ‘ಆಯಿಲ್ ಲೀಕ್ ಆಗ್ತಿದೆ’ ಎನ್ನುವುದು, ಹಿಂದಿನ ಟೈರು ತೋರಿಸಿ ‘ಪಂಕ್ಚರ್’ ಎನ್ನುವುದು, ಬಟ್ಟೆಯ ಮೇಲೆ ಏನೋ ಚೆಲ್ಲಿದೆ ಎನ್ನುವುದು ಎಲ್ಲ ಹಳೆಯ ವರಸೆಗಳು. ಹೇಳುವವನು ಒಬ್ಬ, ಎತ್ತಿಕೊಂಡು ಹೋಗುವವನು ಇನ್ನೊಬ್ಬ. ಬ್ಯಾಂಕಿನಿಂದ ಹಣ ತಂದವರನ್ನು ಅಲ್ಲಿಂದಲೇ ಹಿಂಬಾಲಿಸಿ ಬಂದು, ಎಲ್ಲಾದರೂ ನಿಲ್ಲಿಸಿದಾಗ ಹೀಗೆ ಮಾಡುವುದುಂಟು. ಹಣ ಜೊತೆಗಿದ್ದ ದಿನ ಬಂಕಿಗೆ ಹೋಗದಿರುವುದೇ ಲೇಸು. ಯಾರು ಏನು ತೋರಿಸಿದರೂ ಮೊದಲು ಕೀ ತೆಗೆದು, ಬಾಗಿಲು ಲಾಕ್ ಮಾಡಿ, ಆಮೇಲೆ ಬಗ್ಗಿ ನೋಡಬೇಕು. ಟೈರು ನಿಜಕ್ಕೂ ಪಂಕ್ಚರ್ ಆಗಿದ್ದರೆ ಆ ಹತ್ತು ಸೆಕೆಂಡಿನಲ್ಲಿ ಕೆಡುವಂಥದ್ದೇನೂ ಇರುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಕಾಟ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ನ್ಯೂಜೆರ್ಸಿಯಂಥ ಅಪವಾದ ಬಿಟ್ಟರೆ ಅಲ್ಲಿ ಇಂಧನವನ್ನು ಕಾರಿನವರೇ ಇಳಿದು ತುಂಬಿಕೊಳ್ಳಬೇಕು. ಅವರು ಪಂಪಿನ ಕಡೆ ಮುಖ ಮಾಡಿ ನಿಂತಾಗ ಆಚೆ ಬದಿಗೆ ಇನ್ನೊಂದು ಕಾರು ಬಂದು ನಿಲ್ಲುತ್ತದೆ, ಅದರಿಂದ ಒಬ್ಬ ಬಗ್ಗಿಕೊಂಡೇ ಇಳಿದು ಬಾಗಿಲು ತೆರೆದು ಬ್ಯಾಗು ಎಳೆದುಕೊಳ್ಳುತ್ತಾನೆ, ಕೀ ಸಿಕ್ಕರೆ ಕಾರನ್ನೇ ಒಯ್ಯುತ್ತಾನೆ. ಅಲ್ಲಿನ ಪೊಲೀಸರು ಇಂಥವರನ್ನು ‘ಸ್ಲೈಡರ್’ ಎಂದು ಕರೆಯುತ್ತಾರೆ. ಇಳಿದ ಕೂಡಲೇ ಬಾಗಿಲು ಲಾಕ್ ಮಾಡುವುದು ಅಲ್ಲಿ ಹೇಳಿಕೊಡುವ ಮೊದಲ ಪಾಠ. ತುರ್ತು ಕರೆಗೆ ಸಂಖ್ಯೆ 911.

ಹೆದ್ದಾರಿಯ ಬಂಕುಗಳಲ್ಲಿ ರಾತ್ರಿ ಲಾರಿ ನಿಲ್ಲಿಸಿ ಮಲಗುವ ಚಾಲಕರಿಗೆ ಟ್ಯಾಂಕಿನಿಂದ ಡೀಸೆಲ್ ಎಳೆಯುವವರ ಕಾಟ ಲಾರಿ ಕಳವಿಗಿಂತ ಹೆಚ್ಚು. ಟ್ಯಾಂಕಿಗೆ ಬೀಗ ಹಾಕುವುದು, ದೀಪದ ಕೆಳಗೆ, ಕ್ಯಾಮೆರಾ ಕಾಣುವ ಕಡೆ ನಿಲ್ಲಿಸುವುದು, ಕ್ಯಾಬಿನ್ ಒಳಗಿನಿಂದ ಲಾಕ್ ಮಾಡಿ ಕೀ ಮೈಮೇಲೆ ಇಟ್ಟುಕೊಂಡು ಮಲಗುವುದು ಅವರಿಗೆ ಗೊತ್ತಿರುವ ಉಪಾಯಗಳೇ. ಕಾರಿನವರೂ ರಾತ್ರಿ ಪ್ರಯಾಣದಲ್ಲಿ ಜನವಿರುವ, ಬೆಳಕಿರುವ ಬಂಕನ್ನೇ ಆರಿಸಿಕೊಳ್ಳಬೇಕು. ಸೂಚಿ ಕೆಂಪು ಗೆರೆಗೆ ಬರುವವರೆಗೆ ಓಡಿಸಿದವರಿಗೆ ಆ ಆಯ್ಕೆ ಉಳಿಯುವುದಿಲ್ಲ.

ಬಂಕಿನ ಮಾಲೀಕರ ಪಾಲೂ ಇಲ್ಲಿದೆ. ಕ್ಯಾಮೆರಾಗಳು ಹೆಚ್ಚಾಗಿ ನೋಡುವುದು ಪಂಪು ಮತ್ತು ಗಲ್ಲಾಪೆಟ್ಟಿಗೆಯನ್ನು, ಅಂದರೆ ಬಂಕಿನವರ ಹಣವನ್ನು. ಹೊರಹೋಗುವ ದಾರಿಯಲ್ಲಿ ನಂಬರ್ ಪ್ಲೇಟ್ ಓದುವಷ್ಟು ತಗ್ಗಿನಲ್ಲಿ ಒಂದು ಕ್ಯಾಮೆರಾ, ಗಾಳಿಯಂತ್ರದ ಮೂಲೆಗೆ ಒಂದು ದೀಪ ಹಾಕಿದರೆ ಅರ್ಧ ಕೆಲಸ ಮುಗಿಯಿತು. ‘ಝೀರೋ ನೋಡಿ ಸಾರ್’ ಎನ್ನಲು ಕಲಿತ ಹುಡುಗರಿಗೆ ‘ಕೀ ತಗೊಳ್ಳಿ ಸಾರ್’ ಎನ್ನುವುದನ್ನೂ ಕಲಿಸಬಹುದು.

ಗಾಡಿ ಹೋದ ಮೇಲಿನ ಹತ್ತು ನಿಮಿಷ

ಕಣ್ಣೆದುರೇ ಗಾಡಿ ಹೊರಟಾಗ ಓಡಿ ಹೋಗಿ ಅಡ್ಡ ನಿಲ್ಲುವುದು, ಬಾಗಿಲಿಗೆ ಜೋತು ಬೀಳುವುದು, ಬೈಕಿನ ಹಿಂಬದಿ ಹಿಡಿದು ಎಳೆಯುವುದು ಸಹಜ ಪ್ರತಿಕ್ರಿಯೆ. ಪ್ರಾಣ ಹೋಗುವುದೂ ಹಾಗೆಯೇ. ಕಳ್ಳನ ಕೈಯಲ್ಲಿ ಚಾಕು ಇದ್ದು ಕೀ ಕೇಳಿದರೆ ಕೊಟ್ಟುಬಿಡಬೇಕು. ಗಾಡಿಗೆ ವಿಮೆ ಇರುತ್ತದೆ. ಒಳಗೆ ಮಗುವಿದ್ದರೆ ‘ಮಗು ಒಳಗಿದೆ’ ಎಂದು ಕಳ್ಳನಿಗೂ ಕೇಳುವಂತೆ ಕೂಗಬೇಕು. ಕಾರಿಗಾಗಿ ಬಂದವನಿಗೆ ಮಗು ಬೇಕಿರುವುದಿಲ್ಲ. ಪೊಲೀಸರಿಗೆ ಕರೆ ಮಾಡಿದಾಗಲೂ ಮೊದಲ ವಾಕ್ಯ ಇದೇ ಆಗಿರಬೇಕು, ಏಕೆಂದರೆ ಅಲ್ಲಿಗೆ ಅದು ಕಳವಿನ ಪ್ರಕರಣವಾಗಿ ಉಳಿಯುವುದಿಲ್ಲ.

ಕರೆ ಮಾಡಬೇಕಾದ ಸಂಖ್ಯೆ 112. ಬಂಕಿನ ಹೆಸರು ಮತ್ತು ರಸ್ತೆ, ಗಾಡಿಯ ನಂಬರ್, ಮಾದರಿ, ಬಣ್ಣ, ಹೋದ ದಿಕ್ಕು, ಎಷ್ಟು ಜನ, ಏನು ತೊಟ್ಟಿದ್ದರು, ಆಯುಧ ಇತ್ತೇ ಎಂಬುದನ್ನು ಈ ಕ್ರಮದಲ್ಲೇ ಹೇಳಿದರೆ ಗಸ್ತು ವಾಹನಕ್ಕೆ ಸುದ್ದಿ ಬೇಗ ಮುಟ್ಟುತ್ತದೆ. ಬಾನೆಟ್ ಮೇಲಿನ ಗೀರು, ಹಿಂದಿನ ಗಾಜಿನ ಸ್ಟಿಕರ್ ಮುಂತಾದ ಗುರುತು ನಂಬರ್ ಪ್ಲೇಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಪ್ಲೇಟನ್ನು ಮುಂದಿನ ತಿರುವಿನಲ್ಲೇ ಬದಲಿಸಬಹುದು. ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ತಿಳಿಸಬಹುದು. ಫೋನು ಕಾರಿನಲ್ಲೇ ಹೋಗಿದ್ದರೆ ಬಂಕಿನವರ ಫೋನು ಇದ್ದೇ ಇದೆ.

ಹಾಗೆ ಕಾರಿನಲ್ಲಿ ಹೋದ ಫೋನು ಒಂದು ಅನುಕೂಲವೂ ಹೌದು. ಇನ್ನೊಬ್ಬರ ಫೋನಿನಿಂದ ಗೂಗಲ್ ಅಥವಾ ಆ್ಯಪಲ್ ಖಾತೆಗೆ ಲಾಗಿನ್ ಆಗಿ ಅದು ಎಲ್ಲಿದೆ ಎಂದು ನೋಡಬಹುದು. ಆತುರದಲ್ಲಿ ಸಿಮ್ ಬ್ಲಾಕ್ ಮಾಡಿಸಿದರೆ ಈ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡುಗಳನ್ನು ನಿಲ್ಲಿಸುವುದು, ಜಾಗ ಪತ್ತೆಯಾದ ಮೇಲೆ ಅಥವಾ ಇನ್ನು ಪತ್ತೆಯಾಗದು ಎಂದಾದ ಮೇಲೆ ಸಿಮ್ ನಿಲ್ಲಿಸುವುದು ಸರಿಯಾದ ಕ್ರಮ. ಕಾರಿನ ಕಂಪನಿಯ ಆ್ಯಪ್ ಇದ್ದರೆ ಅದೂ ಜಾಗ ತೋರಿಸುತ್ತದೆ. ಸಿಕ್ಕ ಮಾಹಿತಿ ಪೊಲೀಸರಿಗೆ ಹೋಗಬೇಕು. ಗೆಳೆಯರನ್ನು ಕಟ್ಟಿಕೊಂಡು ಬೆನ್ನಟ್ಟುವುದರಿಂದ ಗಾಡಿ ಸಿಗುವುದಕ್ಕಿಂತ ಅಪಘಾತವಾಗುವ ಸಂಭವ ಹೆಚ್ಚು.

ಫಾಸ್ಟ್ಯಾಗ್ ವಿಷಯದಲ್ಲೂ ಇದೇ ತಾಳ್ಮೆ ಬೇಕು. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಅದು ಕಡ್ಡಾಯ. ಕದ್ದ ಕಾರು ಟೋಲ್ ದಾಟಿದರೆ ಯಾವ ಪ್ಲಾಜಾ, ಎಷ್ಟು ಹೊತ್ತಿಗೆ ಎಂಬ ಸಂದೇಶ ಮಾಲೀಕರ ಫೋನಿಗೇ ಬರುತ್ತದೆ. ಟ್ಯಾಗ್ ಕೂಡಲೇ ನಿಲ್ಲಿಸಿದರೆ ನೂರು ರೂಪಾಯಿ ಉಳಿದೀತು, ಸುಳಿವು ಹೋದೀತು. ಯಾವಾಗ ನಿಲ್ಲಿಸಬೇಕು ಎಂಬುದನ್ನು ತನಿಖಾಧಿಕಾರಿಯನ್ನು ಕೇಳಿ ತೀರ್ಮಾನಿಸುವುದು ಒಳ್ಳೆಯದು. ಕೆಲವು ದಿನಗಳ ನಂತರ ಬರುವ ಟ್ರಾಫಿಕ್ ದಂಡದ ಇ-ಚಲನ್ ಕೂಡ ಸುಳಿವೇ. ಬೆಂಗಳೂರಿನ ಸಿಗ್ನಲ್‌ಗಳಲ್ಲೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ನಂಬರ್ ಓದುವ ಕ್ಯಾಮೆರಾಗಳಿವೆ; ಚಲನ್ ಜೊತೆ ಚಿತ್ರವೂ ಇರುತ್ತದೆ.

ಬಂಕಿನ ಸಿಸಿಟಿವಿ ದೃಶ್ಯ ಗಾಡಿಯ ಮಾಲೀಕರಿಗೆ ಕೊಡಲು ಬಂಕಿನವರು ಒಪ್ಪದೇ ಇರಬಹುದು, ಆದರೆ ಪೊಲೀಸರು ಕೇಳಿದರೆ ಕೊಡಲೇಬೇಕು. ರೆಕಾರ್ಡರ್ ಕೆಲವು ದಿನಗಳಾದ ಮೇಲೆ ಹಳೆಯ ದೃಶ್ಯದ ಮೇಲೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಆದ್ದರಿಂದ ಅಳಿಸದಂತೆ ಇಡಿ ಎಂದು ಬಂಕಿನ ಮ್ಯಾನೇಜರ್‌ಗೆ ಅಂದೇ ಬರೆದುಕೊಡಬೇಕು. ಹಣ ಕೊಟ್ಟ ರಸೀದಿ ಅಥವಾ ಯುಪಿಐ ಸಂದೇಶದಲ್ಲಿರುವ ಹೊತ್ತು ಮುಖ್ಯ. ರೆಕಾರ್ಡರಿನ ಗಡಿಯಾರ ಹತ್ತು ನಿಮಿಷ ಹಿಂದೆಯೋ ಮುಂದೆಯೋ ಇರುವುದು ಅಪರೂಪವಲ್ಲ, ಆಗ ಸರಿಯಾದ ಹೊತ್ತು ಹಿಡಿಯಲು ಆ ರಸೀದಿಯೇ ಆಧಾರ.

ಒಂದು ಕೆಲಸ ಹಲವರು ಮರೆಯುತ್ತಾರೆ. ಕಾರಿನ ಕೀ ಗೊಂಚಲಿನಲ್ಲಿ ಮನೆಯ ಕೀ ಇದ್ದು, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ವಿಳಾಸವಿರುವ ಆರ್‌ಸಿ ಇದ್ದರೆ ಅಂದು ರಾತ್ರಿಯೊಳಗೆ ಮನೆಯ ಬೀಗ ಬದಲಿಸಬೇಕು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಆರ್‌ಸಿ, ಲೈಸೆನ್ಸ್ ತಪಾಸಣೆಗೆ ಸಾಕಾಗುವುದರಿಂದ ಅಸಲು ಕಾಗದಗಳನ್ನು ಗಾಡಿಯಲ್ಲಿ ಇಡುವ ಅಗತ್ಯವೇ ಈಗಿಲ್ಲ.

ಠಾಣೆಯಲ್ಲಿ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303ನೇ ಕಲಮಿನಲ್ಲಿದೆ, ಶಿಕ್ಷೆ ಮೂರು ವರ್ಷದವರೆಗೆ. ಸರಕು ಅಥವಾ ಪ್ರಯಾಣಿಕರ ಸಾಗಣೆಗೆ ಬಳಸುವ ವಾಹನದ ಕಳವಿಗೆ 305ನೇ ಕಲಮಿನಡಿ ಏಳು ವರ್ಷದವರೆಗೂ ಶಿಕ್ಷೆಯಿದೆ. ಕೈಯಿಂದ ಕೀ ಕಿತ್ತುಕೊಂಡರೆ 304ನೇ ಕಲಂ, ಹಲ್ಲೆ ಮಾಡಿ ಅಥವಾ ಚಾಕು ತೋರಿಸಿ ಒಯ್ದರೆ 309ನೇ ಕಲಮಿನ ಸುಲಿಗೆ; ಅದಕ್ಕೆ ಹತ್ತು ವರ್ಷ, ಹೆದ್ದಾರಿಯಲ್ಲಿ ಸೂರ್ಯಾಸ್ತ ಮತ್ತು ಸೂರ್ಯೋದಯದ ನಡುವೆ ನಡೆದರೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆ. ಆದ್ದರಿಂದ ದೂರಿನಲ್ಲಿ ನಡೆದದ್ದನ್ನು ನಡೆದಂತೆ ಬರೆಯಬೇಕು. ಬೆದರಿಕೆ ಇತ್ತು ಎಂಬ ಒಂದು ಮಾತು ಬಿಟ್ಟುಹೋದರೆ ಕಲಮೇ ಬದಲಾಗುತ್ತದೆ.

‘ಇದು ನಮ್ಮ ಲಿಮಿಟ್ ಅಲ್ಲ’ ಎಂದು ಠಾಣೆಯವರು ಹಿಂದಕ್ಕೆ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಪ್ರಯಾಣದ ನಡುವೆ ಗಾಡಿ ಕಳೆದುಕೊಂಡವರಿಗೆ ಇದು ದೊಡ್ಡ ಅನುಕೂಲ. ಆನ್‌ಲೈನ್ ಮೂಲಕವೂ ಕೊಡಬಹುದು, ಆದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದೂರು ದಾಖಲಿಸದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ, ಅಂಚೆಯಲ್ಲಾದರೂ ಸರಿ, ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂದು ತೊಂಬತ್ತು ದಿನಗಳೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ.

ದೂರು ಅಂದೇ ಆಗಬೇಕೆನ್ನಲು ವಿಮೆಯ ಹೊರತಾಗಿ ಇನ್ನೊಂದು ಕಾರಣವಿದೆ. ಕದ್ದ ಗಾಡಿಯಿಂದ ಅಪಘಾತವೋ ಸರಗಳವೋ ನಡೆದರೆ ಪೊಲೀಸರು ಮೊದಲು ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ. ಎಫ್‌ಐಆರ್ ಮೇಲಿನ ದಿನ ಮತ್ತು ಹೊತ್ತು ಆಗ ಮಾಲೀಕರ ಪಾಲಿನ ಸಾಕ್ಷಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ದೂರಿನಲ್ಲಿ ಇರಬೇಕು. ಎಫ್‌ಐಆರ್ ಪ್ರತಿ ಇಟ್ಟು ಆರ್‌ಟಿಒ ಕಚೇರಿಗೂ ಅರ್ಜಿ ಕೊಟ್ಟರೆ ವಾಹನದ ದಾಖಲೆ ಬೇರೆಯವರ ಹೆಸರಿಗೆ ವರ್ಗವಾಗದಂತೆ ತಡೆಹಿಡಿಯುತ್ತಾರೆ.

ವಿಮೆ

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಕಳವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಸ್ವಂತ ವಾಹನದ ಹಾನಿಯೂ ಸೇರಿದ ಪಾಲಿಸಿಯಲ್ಲಿ ಮಾತ್ರ ಕಳವಿಗೆ ರಕ್ಷಣೆ. ಅದರಲ್ಲೂ ಸಿಗುವುದು ಪಾಲಿಸಿಯಲ್ಲಿ ಐಡಿವಿ (ವಿಮೆಗೆ ಘೋಷಿಸಿದ ಮೌಲ್ಯ) ಎಂದು ನಮೂದಾದ ಮೊತ್ತ, ಶೋರೂಮಿನಲ್ಲಿ ಕೊಟ್ಟ ಬೆಲೆಯಲ್ಲ. ಐಡಿವಿ ಗೊತ್ತುಮಾಡುವಾಗ ಆರು ತಿಂಗಳವರೆಗಿನ ಗಾಡಿಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರಕ್ಕೆ ಶೇ 30, ನಾಲ್ಕಕ್ಕೆ ಶೇ 40, ಐದಕ್ಕೆ ಶೇ 50 ಸವಕಳಿ ಕಳೆಯುವುದು ನಿಗದಿಯಾದ ಲೆಕ್ಕ. ಹತ್ತು ಲಕ್ಷದ ಕಾರು ನಾಲ್ಕನೇ ವರ್ಷದಲ್ಲಿ ಕಳವಾದರೆ ಆರು ಲಕ್ಷದ ಮಾತು. ಬಿಲ್ಲಿನ ಪೂರ್ತಿ ಮೊತ್ತ ಕೊಡುವ ರಿಟರ್ನ್ ಟು ಇನ್ವಾಯ್ಸ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಹೊಸ ಗಾಡಿಗೆ ಕೊಳ್ಳಬಹುದು.

ಕಂಪನಿ ಕೇಳುವ ಕಾಗದಗಳಲ್ಲಿ ಎಫ್‌ಐಆರ್, ಆರ್‌ಸಿ, ಪಾಲಿಸಿ ಇರುತ್ತವೆ. ಎರಡೂ ಕೀ ಕೊಡಿ ಎನ್ನುತ್ತಾರೆ. ಕೊನೆಗೆ ಪೊಲೀಸರ ಅಂತಿಮ ವರದಿ ಬೇಕು. ಪತ್ತೆಯಾಗದ ಪ್ರಕರಣಕ್ಕೆ ಕರ್ನಾಟಕದ ಪೊಲೀಸರು ಸಲ್ಲಿಸುವುದು ‘ಸಿ ರಿಪೋರ್ಟ್’. ಅದು ಬರಲು ತಿಂಗಳುಗಳೇ ಹಿಡಿಯುವುದರಿಂದ ಹಣವೂ ತಡವಾಗುತ್ತದೆ. ಗಾಡಿ ಸಾಲದ ಮೇಲಿದ್ದರೆ ಪರಿಹಾರ ಮೊದಲು ಸಾಲ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಉಳಿದದ್ದು ಮಾಲೀಕರಿಗೆ. ಅಲ್ಲಿಯವರೆಗೆ ಇಲ್ಲದ ಗಾಡಿಗೆ ಕಂತು ಕಟ್ಟುತ್ತಲೇ ಇರಬೇಕು. ಅನ್ಯಾಯ ಅನ್ನಿಸಿದರೂ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಕ್ರೆಡಿಟ್ ಸ್ಕೋರ್ ಕೆಡುತ್ತದೆ.

ಬಂಕಿನ ಕಳವಿನಲ್ಲಿ ತಕರಾರು ಹುಟ್ಟುವುದು ಎರಡನೇ ಕೀ ಬಳಿ. ವಾಹನವನ್ನು ಕಾಪಾಡಲು ಯುಕ್ತವಾದ ಎಲ್ಲ ಎಚ್ಚರಿಕೆ ವಹಿಸಬೇಕು ಎಂಬ ಷರತ್ತು ಪಾಲಿಸಿಯಲ್ಲಿದೆ, ಕೀ ಬಿಟ್ಟು ಇಳಿದದ್ದು ಅದರ ಉಲ್ಲಂಘನೆ ಎನ್ನುವುದು ಕಂಪನಿಯ ವಾದ. ಇದಕ್ಕೆ ಹೆದರಿ ಕೀ ಜೇಬಿನಲ್ಲಿತ್ತು ಎಂದು ಸುಳ್ಳು ಬರೆಸುವವರಿದ್ದಾರೆ. ಕಂಪನಿಯ ತನಿಖೆಗಾರರು ಬಂಕಿನ ದೃಶ್ಯ ನೋಡುತ್ತಾರೆ, ಕೀ ಎಲ್ಲಿ ಎಂದು ಕೇಳುತ್ತಾರೆ. ಸುಳ್ಳು ಬಯಲಾದರೆ ಇಡೀ ಕ್ಲೇಮು ಬೀಳುತ್ತದೆ. ನಿಜ ಹೇಳಿದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಚಾಲಕ ಕೀ ಬಿಟ್ಟು ಇಳಿದಾಗ ಕಳವಾದ ಲಾರಿಯ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಕ್ಲೇಮನ್ನು ಪೂರ್ತಿ ತಿರಸ್ಕರಿಸಲು ಒಪ್ಪದೆ ವಿಮಾ ಮೊತ್ತದ ಶೇ 75ರಷ್ಟು ಕೊಡಬೇಕು ಎಂದಿತು. ಎಲ್ಲ ಪ್ರಕರಣಗಳೂ ಹೀಗೇ ಮುಗಿಯುತ್ತವೆ ಎಂದಲ್ಲ, ಮತ್ತು ಅಲ್ಲೂ ಕಾಲು ಭಾಗ ಹೋದದ್ದು ಕೀಯಿಂದಲೇ.

ಇನ್ನೊಂದು ತಕರಾರು ತಡವಾಗಿ ತಿಳಿಸಿದ್ದರ ಬಗ್ಗೆ. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ ಕಂಪನಿಗೆ ತಿಳಿಸುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಆದರೂ ಅಂದೇ ಫೋನ್ ಮಾಡಿ, ಇ-ಮೇಲನ್ನೂ ಕಳಿಸಿದರೆ ನ್ಯಾಯಾಲಯದವರೆಗೆ ಹೋಗುವ ಪ್ರಸಂಗವೇ ಬರುವುದಿಲ್ಲ. ಕ್ಲೇಮು ತಿರಸ್ಕಾರವಾದರೆ ಕಂಪನಿಯ ಕುಂದುಕೊರತೆ ವಿಭಾಗ, ಆಮೇಲೆ ಬೆಂಗಳೂರಿನಲ್ಲಿ ಕಚೇರಿ ಇರುವ ವಿಮಾ ಒಂಬುಡ್ಸ್‌ಮನ್, ಅಥವಾ ಜಿಲ್ಲಾ ಗ್ರಾಹಕರ ಆಯೋಗ ಇವೆ.

ಬಂಕಿನವರಿಂದ ಪರಿಹಾರ ಕೇಳಬಹುದೇ? ಇಂಧನ ಹಾಕಿಸಲು ನಿಲ್ಲಿಸಿದ ಗಾಡಿಯನ್ನು ಬಂಕಿನವರ ವಶಕ್ಕೆ ಒಪ್ಪಿಸಿದಂತಾಗುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ ಇಲ್ಲ. ಬಂಕಿನ ಸರ್ವಿಸ್ ಸ್ಟೇಷನ್ನಿಗೆ ಕೀ ಕೊಟ್ಟು ತೊಳೆಯಲು ಬಿಟ್ಟಿದ್ದರೆ ಮಾತು ಬೇರೆ. ಕೀ ಪಡೆದವನು ಗಾಡಿಯನ್ನು ತನ್ನದೇ ವಸ್ತುವಿನಂತೆ ಜೋಪಾನ ಮಾಡಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 151ನೇ ಕಲಂ. ದೆಹಲಿಯ ಹೋಟೆಲೊಂದರಲ್ಲಿ ವ್ಯಾಲೆಟ್ ಕೈಗೆ ಕೀ ಕೊಟ್ಟ ಮೇಲೆ ಕಳವಾದ ಕಾರಿಗೆ ಹೋಟೆಲ್ಲೇ ಹೊಣೆ ಎಂದು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಚೀಟಿಯ ಹಿಂದೆ ‘ಮಾಲೀಕರದೇ ಹೊಣೆ’ ಎಂದು ಅಚ್ಚು ಹಾಕಿದ್ದು ಹೋಟೆಲನ್ನು ಉಳಿಸಲಿಲ್ಲ. ತೊಳೆಯಲು ಬಿಡುವಾಗ ಚೀಟಿ ಕೇಳಿ ಪಡೆಯಬೇಕು.

ಗಾಡಿ ಸಿಕ್ಕರೆ ಅದು ನೇರವಾಗಿ ಮನೆಗೆ ಬರುವುದಿಲ್ಲ. ಜಪ್ತಿ ಮಾಡಿದ ಪೊಲೀಸರು ನ್ಯಾಯಾಲಯಕ್ಕೆ ವರದಿ ಮಾಡುತ್ತಾರೆ, ಮಾಲೀಕರು ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕಬೇಕು. ವಾಹನಗಳನ್ನು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಲು ಬಿಡದೆ, ಫೋಟೊ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಬೇಗ ಬಿಟ್ಟುಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆರ್‌ಸಿ, ವಿಮೆ, ಗುರುತಿನ ಚೀಟಿ, ಜಾಮೀನು ಬಾಂಡ್ ಇದ್ದರೆ ಅರ್ಜಿ ಸರಳವಾದದ್ದೇ. ಪ್ರಕರಣ ಮುಗಿಯುವವರೆಗೆ ಅಂಥ ಗಾಡಿಯನ್ನು ಮಾರುವಂತಿಲ್ಲ, ರೂಪ ಬದಲಿಸುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು. ವಿಮೆಯ ಹಣ ಪಡೆದ ನಂತರ ಗಾಡಿ ಸಿಕ್ಕರೆ ಅದು ಕಂಪನಿಗೆ ಸೇರಿದ್ದು. ಹಣ ಕೊಡುವ ಮೊದಲೇ ವರ್ಗಾವಣೆಯ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುವುದು ಇದಕ್ಕಾಗಿಯೇ, ಆದ್ದರಿಂದ ಪೊಲೀಸರಿಂದ ಫೋನು ಬಂದರೆ ಮಾಲೀಕರು ಆ ಸುದ್ದಿಯನ್ನು ಮೊದಲು ಕಂಪನಿಗೆ ಮುಟ್ಟಿಸಬೇಕು.